ತೊಳೆದಿಟ್ಟ ಸೀಸೆ

ಕಳೆದ ತಿಂಗಳು ನನ್ನ ವಿದ್ಯಾರ್ಥಿನಿಯೊಬ್ಬಳು ಥರ್ಮಾಕೋಲ್ ಡಬ್ಬಿಯಿಂದ ಕಿರುಬೆರಳುದ್ದದ ಸೀಸೆಯೊಂದನ್ನು ತೆಗೆದು, ಬೆಳಕಿಗೆ ಹಿಡಿದು, "ಮೇಡಂ, ಖಾಲೀನ ಕಳಿಸ್ಯಾರಲ್ರೀ!" ಎಂದಳು. ತೆರೆಯಬೇಡ, ಎಲ್ಲಿಯೂ ಇಡಬೇಡ ಎಂದು ಕೂಗಿ ಕೈಯಿಂದ ಕಸಿದುಕೊಂಡೆ. ಪಾಪ, ಹುಡುಗಿ ಹೆದರಿಬಿಟ್ಟಳು. ನಾನು ಹಾಗೆ ಕೂಗಬೇಕಾಗಿದ್ದುದು ಇಪ್ಪತ್ತು ಚಿಲ್ಲರೆ ವರ್ಷಗಳ ಹಿಂದೆ...

ಎರಡು ಸಾವಿರದ ಆಸುಪಾಸು. ಟಿಳಕವಾಡಿಯ ಒಂದು ಸಣ್ಣ ಪ್ರಯೋಗಾಲಯದಲ್ಲಿ ಸಂಶೋಧನೆಗೆ ಸೇರಿದ್ದೆ. ಅಲ್ಲಿ ಗಾಜುಸಾಮಾನು ತೊಳೆಯುವ ಅಕ್ಕ ಒಬ್ಬರಿದ್ದರು. ದಿನಾ ಬೆಳಗಿನ ರೈಲಿಗೆ ಖಾನಾಪುರದಿಂದ ಬರುತ್ತಿದ್ದರು. ಹಂಗಾಮಿ ನೌಕರಿ, ಆ ವರ್ಷ ಕಾಯಂ ಮಾಡುವ ಮಾತಿತ್ತು. ನಮ್ಮಲ್ಲಿ ಏನನ್ನೂ ಎಸೆಯುವ ಪದ್ಧತಿ ಇರಲಿಲ್ಲ. ಒಮ್ಮೆ ಬಳಸಿ ಬಿಸಾಡಬೇಕಾದ ಪ್ಲಾಸ್ಟಿಕ್ ಸೀಸೆಗಳನ್ನೂ ತೊಳೆದು ಮತ್ತೆ ಬಳಸುತ್ತಿದ್ದೆವು. ಸಿಂಕಿನ ಪಕ್ಕದ ಸ್ಟೀಲ್ ತಾಟಿಗೆ ಬಿದ್ದದ್ದೆಲ್ಲ ಅಕ್ಕನ ಪಾಲು. ಟೇಬಲ್ಲಿನ ಮೇಲಿದ್ದುದನ್ನು ಮಾತ್ರ ಅವರು ಅಪ್ಪಿತಪ್ಪಿಯೂ ಮುಟ್ಟುತ್ತಿರಲಿಲ್ಲ.

ಜಠರದ ಒಳಗೋಡೆಗೆ ರೋಗಾಣು ಹೇಗೆ ಅಂಟಿಕೊಳ್ಳುತ್ತದೆ ಎಂಬುದು ನನ್ನ ಅಭ್ಯಾಸದ ವಿಷಯ. ಅದಕ್ಕೆ ಆ ಗೋಡೆಯ ಲೋಳೆಯಲ್ಲಿರುವಂಥದೇ ಪ್ರೋಟೀನು ಬೇಕಿತ್ತು. ಮನುಷ್ಯನ ಜೀನನ್ನು ಪ್ರಯೋಗಾಲಯದಲ್ಲಿ ಬೆಳೆಸಿದ ಜೀವಕೋಶಗಳಿಗೆ ಸೇರಿಸಿ ಅದನ್ನು ತಯಾರಿಸುತ್ತಿದ್ದರು; ಹೊರದೇಶದಿಂದಲೇ ಬರಬೇಕು. ಐದು ತಿಂಗಳು ಕಾದೆ. ಅಕ್ಕ ದಿನಾ ಕಿಚಾಯಿಸುವವರು: "ಏನ್ರೀ ಬಾಯಾರ, ಇಮಾನದಾಗ ಸಿಂಬಳ ತರಸಾಕತ್ತೀರಂತ? ನಮ್ಮ ಓಣ್ಯಾಗ ಬೇಕಾದಷ್ಟ ಐತಿ, ತಂದ ಕೊಡ್ಲೇನು?"

ಕೊನೆಗೂ ಬಂದ ದಿನ ನನಗೆ ವಿಪರೀತ ಆತುರ. ಜೊತೆಗಿದ್ದ ಚೀಟಿ ಓದಲೇ ಇಲ್ಲ. ಮುಚ್ಚಳ ತಿರುಗಿಸಿ ನೋಡಿದರೆ ಒಳಗೆ ಏನೂ ಇಲ್ಲ! ಗಾಬರಿಯಲ್ಲಿ ಸೀಸೆಯನ್ನು ತಾಟಿಗೆ ಹಾಕಿ, ನನಗೆ ಮಾರ್ಗದರ್ಶಕರಾಗಿದ್ದ ಸರ್ ಕೋಣೆಗೆ ಓಡಿದೆ. ಅವರು ನಕ್ಕರು. ಒಣಗಿಸಿದ ಪ್ರೋಟೀನು ಕಣ್ಣಿಗೆ ಕಾಣದಷ್ಟು ತೆಳ್ಳಗೆ ಅಂಟಿರುತ್ತದೆ, ಯಂತ್ರದಲ್ಲಿ ತಿರುಗಿಸಿ ತಳಕ್ಕಿಳಿಸಬೇಕು, ನಡೆ ತೋರಿಸುತ್ತೇನೆ ಎಂದು ಎದ್ದರು. ನಾವು ಬಂದಾಗ ಸೀಸೆ ಬಟ್ಟೆಯ ಮೇಲೆ ಬೋರಲಾಗಿತ್ತು. ತೊಳೆದ ನೀರು ಇನ್ನೂ ಇಳಿಯುತ್ತಿತ್ತು...

ಎಲ್ಲಿಟ್ಟಿದ್ದೆ ಎಂದು ಸರ್ ಕೇಳಿದರು.

"ಟೇಬಲ್ ಮ್ಯಾಲ, ಸರ್," ಎಂದೆ.

ಆ ಮಾತು ಹೇಗೆ ಬಾಯಿಗೆ ಬಂತೋ ಎನ್ನಲಾರೆ. ಚೆನ್ನಾಗಿ ಗೊತ್ತಿದೆ. ಸೀಟು ಹೋದೀತೆಂಬ ಹೆದರಿಕೆ, ಅಷ್ಟೇ. ಅಕ್ಕ ಒಮ್ಮೆ ತಾಟನ್ನು, ಒಮ್ಮೆ ನನ್ನನ್ನು ನೋಡಿದರು.

"ತಾಟಿನ್ಯಾಗ ಇತ್ತಂತ ತಿಳಕೊಂಡಿದ್ನಿರೀ... ಬಾಯಾರ ಯಾಕ ಸುಳ್ಳ ಹೇಳ್ತಾರ? ನನ್ನ ಕಡಿಂದನ ತಪ್ಪಾಗಿರಬೇಕ್ರೀ ಸರ್."

ಕಾಯಂ ಆದವರ ಪಟ್ಟಿಯಲ್ಲಿ ಅವರ ಹೆಸರು ಬರಲಿಲ್ಲ. ಎರಡು ತಿಂಗಳಲ್ಲಿ ಬರುವುದನ್ನೇ ಬಿಟ್ಟರು. ನನಗೆ ಇನ್ನೊಂದು ಸೀಸೆ ಬಂತು, ಪದವಿಯೂ ಬಂತು. ನಾಳೆ ಹೇಳಿದರಾಯಿತು, ನಾಡಿದ್ದು ಹೇಳಿದರಾಯಿತು ಎಂದು ದಿನ ದೂಡಿದೆ. ರೈಲ್ವೆ ಸ್ಟೇಷನ್ ಕಡೆ ಹೋದಾಗಲೆಲ್ಲ ಎಲ್ಲಿ ಎದುರಾಗುತ್ತಾರೋ ಎಂದು ಸುತ್ತುದಾರಿ ಹಿಡಿಯುತ್ತಿದ್ದೆ.

ವಿದ್ಯಾರ್ಥಿನಿಯ ಮೇಲೆ ಕೂಗಿದ ಆ ವಾರವೇ ಖಾನಾಪುರಕ್ಕೆ ಹೋದೆ. ಮನೆ ಹುಡುಕುವುದು ಕಷ್ಟವಾಗಲಿಲ್ಲ. ಪಡಸಾಲೆಯಲ್ಲಿ ಅವರ ಯಜಮಾನರು ಒಬ್ಬರೇ ಕುಳಿತಿದ್ದರು; ಗೋಡೆಯ ಮೇಲೆ ಮಾಲೆ ಹಾಕಿದ ಅಕ್ಕನ ಫೋಟೋ. "ನಾಕ ವರ್ಷ ಆತ್ರೀ," ಎಂದರು. ನಾಲ್ಕೇ ವರ್ಷ... ಅದಕ್ಕೂ ಮೊದಲು ಎಷ್ಟು ವರ್ಷ ನನ್ನ ಕೈಯಲ್ಲಿದ್ದವು! ನಾನು ಯಾರೆಂದು ಹೇಳಿದೆ. ಮುದುಕರು ಎದ್ದೇ ನಿಂತರು.

"ಆ ಬಾಯಾರ ನೀವ ಏನ್ರೀ? ಕುಂದರ್ರಿ, ಕುಂದರ್ರಿ. ಮನ್ಯಾಗ ಚಾ ಬಟ್ಟಲಾ ತೊಳಿಯೂಮುಂದ ಸೈತ, ಇದನ್ನ ತೊಳೀಲ್ಯೋ ಬ್ಯಾಡೋ ಅಂತ ಕೇಳ್ತಿದ್ಲ್ರೀ ಅಕಿ. ನನ್ನ ಕೈಲೆ ಒಬ್ಬ ಹುಡುಗಿ ಓದ ಹಾಳಾತು ಅಂತಿದ್ಲು. ಖರೇ ಹೇಳ್ರಿ, ನಿಮ್ಮ ಓದ ಮುಗೀತಿಲ್ಲೋ?"

ಮುಗಿಯಿತು ಎಂದೆ. ಆಮೇಲೆ, ಸೀಸೆಯನ್ನು ತಾಟಿಗೆ ಹಾಕಿದವಳು ನಾನೇ ಎಂದೂ ಹೇಳಿದೆ. ಬೈಯಲಿ ಎಂದು ತಲೆ ತಗ್ಗಿಸಿ ಕಾದೆ.

ಅವರು ನನ್ನ ಕಡೆ ನೋಡಲೇ ಇಲ್ಲ. ಫೋಟೋದ ಹತ್ತಿರ ಹೋಗಿ, ಕಿವಿ ಮಂದವಾದವರಿಗೆ ಹೇಳುವಂತೆ ಗಟ್ಟಿಯಾಗಿ ಅಂದರು: "ಕೇಳಿದೇನ? ನೀ ತಪ್ಪ ಮಾಡಿದ್ದಿಲ್ಲಂತ."