ಗಾಡಿಗೆ ಹಾಕಿದ ಗೊಟ್ಟ

ನಮ್ಮಪ್ಪನ ಪಿಕಪ್ ಗಾಡಿ ಸೋಮವಾರ ರಸ್ತೆಗೆ ಇಳಿಯಂಗಿಲ್ಲ. ಕೂಡ್ಲಿಗಿ ಸುತ್ತಮುತ್ತ ಕುರಿ ಸಾಗಿಸೋರಿಗೆಲ್ಲಾ ಇದು ಗೊತ್ತು. ಸೋಮವಾರ ಬಸವಣ್ಣನ ವಾರ, ಎತ್ತಿನ ಹೆಗಲ ಮ್ಯಾಲೆ ನೊಗ ಇಡಬಾರದು ಅನ್ನೋದು ನಮ್ಮ ಕಡಿ ರೂಢಿ. ಎತ್ತು ಹೋಗಿ ಗಾಡಿ ಬಂದ ಮ್ಯಾಲೂ ಅಪ್ಪ ಆ ರೂಢಿ ಬಿಡಲಿಲ್ಲ. ಗೊತ್ತಿಲ್ಲದೋರು ಯಾರಾದ್ರೂ ಸೋಮವಾರ ಫೋನ್ ಮಾಡಿ "ಬಾಡಿಗಿ ಐತಿ, ಬರ್ರಿ" ಅಂದ್ರ, "ಇವತ್ತು ಹೂಡಂಗಿಲ್ರಿ" ಅಂತ ಹೇಳಿ ಇಟ್ಟುಬಿಡ್ತಿದ್ದ. ಆ ಕಡಿಯವ್ರು ಎಷ್ಟು ತಲಿ ಕೆರ್ಕೊಂಡಾರೋ ದೇವರಿಗೇ ಗೊತ್ತು.

ಎತ್ತೆರಡೂ ಮುಪ್ಪಾಗಿ ಒಂದರ ಹಿಂದೊಂದು ಹೋದ ಮ್ಯಾಲೆ ಅಪ್ಪ ಈ ಗಾಡಿ ತಂದದ್ದು. ಆವಾಗ್ಲೇ ಅದು ಹಳೇದು, ಯಾರೋ ಓಡಿಸಿ ಸಾಕಾಗಿ ಬಿಟ್ಟದ್ದು. ಅವ್ವ ಎತ್ತಿನ ದುಃಖದಾಗಿದ್ಲು, ಬಾಗಿಲಿಗೆ ಬಂದು ನಿಂತ ಗಾಡಿ ಕಡಿ ತಿರುಗಿ ಸೈತ ನೋಡಲಿಲ್ಲ. ಸಂಜಿಗೆ ಏನನ್ನಿಸ್ತೋ ಏನೋ, ಕೊಟ್ಟಿಗಿ ಕಸ ಹೊಡೆದು, ಸೆಗಣಿ ಸಾರಿಸಿ, ಎತ್ತು ಕಟ್ತಿದ್ದ ಜಾಗದಾಗೇ ಗಾಡಿ ನಿಲ್ಲಿಸ್ರಿ ಅಂದ್ಲು. ಅವತ್ತಿಂದ ಅದು ಅಕಿ ಎತ್ತು. ಮುಂದಿನ ಎಡಗಡಿ ಸೀಟೂ ಅಕೀದೇ. ಅಪ್ಪ ಹಗರಿಬೊಮ್ಮನಹಳ್ಳಿಗೆ ಕುರಿ ಒಯ್ಯಲಿ, ಹಡಗಲಿಗೆ ಹುಣಸಿಹಣ್ಣು ಒಯ್ಯಲಿ, ಅವ್ವ ಎಲಿಚೀಲ ಸೊಂಟಕ್ಕ ಸಿಗಿಸ್ಕೊಂಡು ಹತ್ತಿ ಕುಂತು, ಅಪ್ಪಗ ಗೊತ್ತಿದ್ದ ದಾರೀನೇ ಅಪ್ಪಗ ಹೇಳ್ಕೋತ ಹೋಗಾಕಿ. "ಎಡಕ್ಕ ಹೊಳ್ಳಿಸ್ರಿ. ಮುಂದ ಉಬ್ಬು ಐತಿ, ಸಾವಕಾಶ." ಅಪ್ಪ ಎಲ್ಲದಕ್ಕೂ ಹೂಂ ಅನ್ನೋನು.

ಇನ್ನ ಗೊಟ್ಟದ ವಿಷಯಕ್ಕ ಬರ್ತೀನಿ. ಗೊಟ್ಟ ಅಂದ್ರ ತುದಿ ಓರಿ ಕೊಯ್ದ ಬಿದಿರಿನ ಕೊಳವಿ. ಎತ್ತಿನ ಗದ್ದ ಎತ್ತಿ ಹಿಡಿದು ಅದರಾಗ ಔಷಧಿ ಹೊಯ್ತಾರ. ಕಾರಹುಣ್ಣಿವಿ ದಿನ ಎತ್ತಿನ ಮೈ ತೊಳೆದು, ಕೋಡಿಗೆ ಬಣ್ಣ ಬಳಿದು, ಕುಸುಬಿ ಎಣ್ಣ್ಯಾಗ ಅರಿಷಿಣ, ಜವಾರಿ ಕೋಳಿ ತತ್ತಿ ಕದಡಿ ಗೊಟ್ಟ ಹಾಕೋದು ನಮ್ಮ ಮನಿ ಪದ್ಧತಿ. ಗಾಡಿ ಬಂದ ವರ್ಷ ಅವ್ವ ಗಾಡಿ ಮೈ ತೊಳೆದ್ಲು, ಅಪ್ಪ ಬಂಪರಿನ ಎರಡೂ ತುದಿಗೆ ಕೆಂಪು ಬಳಿದ. ಆಮ್ಯಾಲೆ ಅವ್ವ ಚಂಬಿನ ತುಂಬ ತತ್ತಿ ಎಣ್ಣಿ ಕದಡಿ ತಂದು ಅಪ್ಪನ ಕೈಗೆ ಕೊಟ್ಲು. ಅಪ್ಪ ಬಾನೆಟ್ ಎತ್ತಿ, ಇಂಜಿನ್ನಿಗೆ ಎಣ್ಣಿ ಹಾಕೋ ಬಾಯಿ ಬಿಚ್ಚಿ, ಅದಕ್ಕ ಗೊಟ್ಟ ಹಚ್ಚಿ ಗಳಗಳ ಹೊಯ್ದ. ಅವ್ವ ಆರತಿ ಹಿಡ್ಕೊಂಡು ಹಿಂದ ನಿಂತಿದ್ಲು. ಖಾಲಿ ಚಂಬು ವಾಪಸ್ ಬಂದಾಗ ಅಕಿ ಮುಖ ನೋಡ್ಬೇಕಿತ್ತು, ಕೂಸಿಗೆ ಹೊಟ್ಟಿ ತುಂಬ ಉಣ್ಣಿಸಿದಾಕಿ ಹಂಗ. ಪ್ರತಿ ವರ್ಷ ಹಿಂಗೇ ನಡೀತು. ನನ್ನ ಮದಿವಿ ಆಗಿ ಕೊಟ್ಟೂರಿಗೆ ಬಂದ ಮ್ಯಾಲೂ ನಡೀತಿತ್ತು.

ಹೋದ ವರ್ಷ ಕಾರಹುಣ್ಣಿವಿ ಹೊತ್ತಿಗೆ ಅಪ್ಪಗ ಕಣ್ಣಿನ ಪೊರಿ ತಗಿಸಿದ್ವಿ. ಊರಾಗಿದ್ರ ಸುಮ್ನೆ ಕೂಡಾಂವ ಅಲ್ಲ ಅಂತ ನನ್ನ ಮನಿಗೆ ಕರ್ಕೊಂಬಂದೆ. ಕರಿ ಚಸ್ಮಾ ಹಾಕ್ಕೊಂಡು ನನ್ನ ಹೊಲಿಗಿ ಅಂಗಡಿ ಬಾಗಿಲಾಗ ಕುಂತು, ಬ್ಲೌಸ್ ಹೊಲಿಸಾಕ ಬಂದೋರಿಗೆಲ್ಲಾ ಮಳಿ ಸುದ್ದಿ ಕೇಳ್ತಿದ್ದ. ಹಬ್ಬದ ದಿನ ಅವ್ವ ಫೋನ್ ಮಾಡಿ "ಹಬ್ಬ ಮಾಡೀನಿ, ಗಾಡೀಗೂ ಎಲ್ಲಾ ಮಾಡೀನಿ" ಅಂದ್ಲು. ಅಪ್ಪ "ಚಲೋ ಆತು ಬಿಡು" ಅಂದ. ಎಲ್ಲಾ ಅಂದ್ರ ಏನು ಅಂತ ಯಾರಾದ್ರೂ ಕೇಳಬೇಕಲ್ಲ? ಕೇಳಲಿಲ್ಲ.

ಡಾಕ್ಟ್ರು ಗಾಡಿ ಹೊಡೀಬಹುದು ಅಂದ ಮ್ಯಾಲೆ ನಾನೇ ಅಪ್ಪನ್ನ ಊರಿಗೆ ಬಿಡಾಕ ಹೋದೆ. ಮರುದಿನ ಪಕ್ಕದ ಮನಿಯವರ ಕುರಿ ಏರಿಸ್ಕೊಂಡು ಹಗರಿಬೊಮ್ಮನಹಳ್ಳಿ ಕಡಿ ಹೊಂಟ್ವಿ. ಅವ್ವ ತನ್ನ ಜಾಗದಾಗ, ನಾನು ನಡುವ. ಒಂದಷ್ಟು ದೂರ ಹೋಗೋದ್ರಾಗ ಸ್ಟೇರಿಂಗ್ ಹಿಂದ ಒಂದು ಕೆಂಪು ದೀಪ ಹತ್ತಿತು. "ಅಪ್ಪಾ, ಏನದು ಕೆಂಪು?" ಅಂದೆ. "ಕಣ್ಣು ಮಾಡಿಸ್ಕೊಂಡ ಮ್ಯಾಲೆ ಬಣ್ಣ ಎಲ್ಲಾ ಎಷ್ಟು ಚಂದ ಕಾಣ್ತಾವು ನೋಡವ್ವ" ಅಂದ ಪುಣ್ಯಾತ್ಮ! ಅದು ಎಣ್ಣಿ ಇಲ್ಲ ಅಂತ ಇಂಜಿನ್ ಬಾಯಿ ಬಡ್ಕೊಳ್ಳೋ ದೀಪ. ಒಳಗ ಕಟಕಟ ಅಂತು, ಸುಟ್ಟ ವಾಸನಿ ಬಂತು, ಗಾಡಿ ರಸ್ತಿ ಮ್ಯಾಲೆ ಗಕ್ಕನ ನಿಂತುಬಿಟ್ಟಿತು. ಕುರಿ ಬೇರೆ ಗಾಡಿಗೆ ಹೋದ್ವು, ನಮ್ಮನ್ನ ಒಂದು ಟ್ರ್ಯಾಕ್ಟರ್ ಕೂಡ್ಲಿಗಿಗೆ ಎಳಕೊಂಡು ಬಂತು.

ಹೈವೇ ಪಕ್ಕ ಬೇವಿನ ಮರದ ಕೆಳಗ ಗ್ಯಾರೇಜು. ಅಲ್ಲಿ ಮಿಸ್ತ್ರಿಗೆ ಕೈಗಿಂತ ಬಾಯಿ ಜೋರು. ಗಾಡಿ ಕೆಳಗ ಮಲಗಿ, ಇಂಜಿನ್ ತಳದಾಗ ಎಣ್ಣಿ ನಿಲ್ಲೋ ತಟ್ಟಿ ಬಿಚ್ಚಿದ. ತಟ್ಟ್ಯಾಗ ಹಳದಿ ಹಳದಿ ಗಂಟು, ಎಣ್ಣಿ ಎಳಕೊಳ್ಳೋ ಜಾಲರಿಗೆಲ್ಲಾ ಮೆತ್ಕೊಂಡಿತ್ತು.

"ಯಾವನ್ರೀ ಅವ, ಇಂಜಿನ್ ಒಳಗ ತತ್ತಿ ಪಲ್ಯ ಮಾಡಿದಾಂವ?"

ಅವ್ವ ಹಳೇ ಟೈರಿನ ಮ್ಯಾಲೆ ಕುಂತಿದ್ಲು. "ಯಾವನಲ್ಲೋ ತಮ್ಮಾ, ನಾನ ಹಾಕಿದ್ದು. ಕಾರಹುಣ್ಣಿವಿ ಗೊಟ್ಟ. ವರ್ಷಾ ಇವ್ರು ಹಾಕ್ತಾರ, ಈ ಸಲ ಕಣ್ಣಿಗೆ ಮಾಡಿಸ್ಕೊಂಡಿದ್ರು ಅಂತ ನಾನ ಹಾಕಿದೆ" ಅಂದ್ಲು. ಮಾತಿನಾಗ ಒಂಚೂರು ಹೆಮ್ಮಿ ಬ್ಯಾರೆ.

ಮಿಸ್ತ್ರಿ ಹೊಟ್ಟಿ ಹಿಡ್ಕೊಂಡು ನಕ್ಕ. "ವರ್ಷಾ ಹಾಕ್ತಿದ್ರೇನ್ರಿ ಯಜಮಾನ್ರೇ? ಅಂಗಾದ್ರ ಈ ಗಾಡಿ ಇಷ್ಟು ವರ್ಷ ಹೆಂಗ ಬದುಕಿತು?"

ಅಪ್ಪ ಸುಳ್ಳು ಹೇಳಬಹುದಿತ್ತು. ಆದ್ರ ಅವ್ವನ ಕಡಿ ತಿರುಗಿ ಹೇಳಿದ. "ನಾ ಹಾಕ್ತಿದ್ದದ್ದು ಅಂಗಡಿಯಿಂದ ತಂದ ಇಂಜಿನ್ ಎಣ್ಣಿ. ನೀ ಆರತಿ ತರಾಕ ಒಳಗ ಹೋದಾಗ, ನೀ ಕೊಟ್ಟದ್ದನ್ನ ಓಣಿ ತುದಿ ಮನಿಯವರ ಎತ್ತಿಗೆ ಹಾಕಿ ಬರ್ತಿದ್ದೆ."

"ಎಲ್ಲಾ ವರ್ಷಾನೂ?"

"ಹೂಂ."

ಅವ್ವ ಎಲಿಚೀಲ ಸೊಂಟಕ್ಕ ಸಿಗಿಸ್ಕೊಂಡು ಎದ್ದು ಬಸ್‌ಸ್ಟ್ಯಾಂಡ್ ಕಡಿ ನಡೆದುಬಿಟ್ಲು.

ನನಗ ಎಲ್ಲಿತ್ತೋ ಸಿಟ್ಟು! ಮಿಸ್ತ್ರಿ ಎದುರಿಗೇ ಅಪ್ಪನ್ನ ಬೈದೆ. "ಒಂದು ಮಾತು ಹೇಳಾಕ ನಿನಗೇನಾಗಿತ್ತು? ನಿನ್ನ ಬಾಯಿಗೇನು ಬೀಗ ಬಿದ್ದಿತ್ತಾ?" ಅಂದೆ. ಅಪ್ಪ ಟೈರಿನ ಮ್ಯಾಲೆ ಅವ್ವ ಕುಂತಿದ್ದ ಜಾಗದಾಗೇ ಕುಂತ. "ಮೊದಲ್ನೇ ವರ್ಷ ಎತ್ತು ಹೋಗಿ ಊಟ ಬಿಟ್ಟಿದ್ಲವ್ವ. ಚಂಬು ತಂದು ಕೊಟ್ಲು. ಹೆಂಗ ಬ್ಯಾಡ ಅನ್ನಲಿ? ಎರಡನೇ ವರ್ಷ ಹೇಳಿದ್ರ ಮೊದಲ್ನೇ ವರ್ಷದ್ದು ಹೊರಗ ಬೀಳ್ತಿತ್ತು. ಹಂಗ ಹಂಗೇ ವರ್ಷ ಉರುಳಿದ್ವು."

ನಾ ಕೊಟ್ಟೂರಿಗೆ ವಾಪಸ್ ಬಂದೆ, ಆದ್ರ ನನ್ನ ಫೋನಿಗೆ ಪುರುಸೊತ್ತು ಇಲ್ಲದಂಗಾತು. ಅವ್ವ ಅಪ್ಪನ ಕೂಡ ಮಾತು ಬಿಟ್ಟಿದ್ಲು. ಒಲಿ ಮುಂದ ಕುಂತು ಕೊಟ್ಟೂರಿಗೆ ಫೋನ್ ಹಚ್ಚಿ, "ನಿಮ್ಮಪ್ಪಗ ಹೇಳು, ರೊಟ್ಟಿ ಆಗ್ಯಾವ" ಅನ್ನಾಕಿ. ನಾನು ಇಲ್ಲಿ ಮಷೀನ್ ನಿಲ್ಲಿಸಿ, ಅಲ್ಲೇ ಪಡಸಾಲ್ಯಾಗ ಕುಂತ ಅಪ್ಪಗ ಫೋನ್ ಮಾಡಿ ರೊಟ್ಟಿ ಆಗ್ಯಾವ ಅನ್ಬೇಕು! ಒಂದಿನ ರೇಗಿ, "ಗಾಡಿ ಹೋದ್ರ ಹೋತು, ಇಷ್ಟ್ಯಾಕ ಹಠ?" ಅಂದೆ. ಅವಾಗ ಅತ್ಲು. "ಗಾಡಿ ಮಾತಲ್ಲಲೇ ಅದು. ನನ್ನ ಕೈಯಾರೆ ನನ್ನ ಎತ್ತು ಕೊಂದೆ. ಓಣಿ ತುದಿಯವ್ರಿಗೆಲ್ಲಾ ಗೊತ್ತಿತ್ತು, ನನಗೊಬ್ಬಾಕಿಗೆ ಗೊತ್ತಿದ್ದಿಲ್ಲ. ಆರತಿ ಹಿಡ್ಕೊಂಡು ಹುಚ್ಚಿ ಹಂಗ ನಿಂತಿದ್ನಲ್ಲ! ಇನ್ನ ನಾ ಆ ಸೀಟು ಹತ್ತಾಕಿ ಅಲ್ಲ."

ಗಾಡಿ ಗುಜರಿಗೆ ಹಾಕು ಅಂತ ಎಲ್ಲರೂ ಅಂದ್ರು, ಮಿಸ್ತ್ರೀನೂ ಅಂದ. ಅಪ್ಪ ಒಪ್ಪಲಿಲ್ಲ. "ಗುಜರಿಗೆ ಹೋದ್ರ ಅಕಿ ಸಾಯೋತನಕ ತಾನ ಕೊಂದೆ ಅಂತ ತಿಳ್ಕೋತಾಳ. ಅದು ಎದ್ದು ನಿಲ್ಲಬೇಕು. ಅಕಿ ಹತ್ತಿ ಕೂಡಬೇಕು" ಅಂದ. ಬೇವಿನ ಕೊಂಬಿಗೆ ಚೈನು ಕಟ್ಟಿ ಇಂಜಿನ್ ಮ್ಯಾಲೆತ್ತಿ ತಗದ್ರು. ಸವೆದ ಕ್ರ್ಯಾಂಕ್ ದಂಡನ್ನ ಹೊಸಪೇಟಿ ಲೇತ್ ಅಂಗಡಿಗೆ ಕಳಿಸಿ ಕಡೆಸಿದ್ರು, ಪಿಸ್ಟನ್ ಆಡೋ ಕೊಳವಿ ಕೊರೆಸಿ ನುಣುಪು ಮಾಡಿಸಿದ್ರು. ಅಪ್ಪ ದಿನಾ ಹೋಗಿ ಡೀಸಲ್ಲಿನ ಬೋಗುಣಿ ಮುಂದ ಕುಂತು, ಹಲ್ಲುಜ್ಜೋ ಬ್ರಷ್‌ನಿಂದ ಒಂದೊಂದೇ ಸಾಮಾನು ತಿಕ್ಕಿ ಅರಿಷಿಣ ತಗೀತಿದ್ದ. ಮಿಸ್ತ್ರಿ ಬ್ಯಾಡ ಅಂದ್ರೂ ಕೇಳಾಂವ ಅಲ್ಲ. ಇಂಜಿನ್ ಕೂಡಿಸಿ ಮತ್ತ ಮ್ಯಾಲೆ ಎತ್ತೋ ದಿನ ನೋಡಿದ್ರ ಸೋಮವಾರ! ಅಪ್ಪ ಚೈನು ಹಿಡ್ಕೊಂಡು ನಿಂತ. "ಇವತ್ತು ಹೂಡಂಗಿಲ್ಲ." ಮಿಸ್ತ್ರಿ ತಲಿ ತಲಿ ಬಡ್ಕೊಂಡು, "ಇಂಥ ಗಿರಾಕಿ ನನ್ನ ಶತ್ರುಗೂ ಬ್ಯಾಡ" ಅಂತ ನನಗ ಫೋನ್ ಹಚ್ಚಿ ಅರ್ಧ ತಾಸು ಬೈದ.

ಮನ್ಯಾಗ ಅಪ್ಪ ಅವ್ವಗ ಕೇಳೋ ಹಂಗ ಗೋಡಿಗೆ ವರದಿ ಒಪ್ಪಿಸ್ತಿದ್ನಂತ. "ಪಿಸ್ಟನ್ ಬಂದಾವ" ಅಂತ ಗೋಡಿಗೆ ಹೇಳಿದ ದಿನ ಅವ್ವನ ಫೋನ್ ಬಂತು. "ನಿಮ್ಮಪ್ಪಗ ಕೇಳು, ಪಿಸ್ಟನ್ ಅಂದ್ರ ಎದೀನೋ ಹೊಟ್ಟೀನೋ?" ನಾನು ಅಪ್ಪಗ ಕೇಳಿದೆ. ಅಪ್ಪಗ ಎಷ್ಟು ಖುಷಿ ಆತಂದ್ರ ಅದನ್ನ ನನ್ನ ಬಾಯಿಲೇ ಎರಡು ಸಲ ಹೇಳಿಸ್ಕೊಂಡ. "ಎದಿ ಅನ್ನವ್ವ" ಅಂದ. ಎದಿ ಅಂತ ಅವ್ವಗ ಹೇಳಿದೆ. ಅಕಿ ಬರೀ "ಹಂಗಾ" ಅಂದು ಇಟ್ಟುಬಿಟ್ಲು.

ಮಂಗಳವಾರ ಇಂಜಿನ್ ತನ್ನ ಜಾಗದಾಗ ಕುಂತಿತು. ನಾನು ಅಂಗಡಿ ಮುಚ್ಚಿ ಕೂಡ್ಲಿಗಿಗೆ ಬಂದಿದ್ದೆ. ಎಣ್ಣಿ ಹೊಯ್ಯೋದೊಂದೇ ಬಾಕಿ. ಅಪ್ಪ ಅವ್ವನ್ನ ಕರೀಲಿಲ್ಲ, ಬೆಳಿಗ್ಗೆ ಗೋಡಿಗೆ ಹೇಳಿ ಬಂದಿದ್ದ ಅಷ್ಟೇ. ಮಧ್ಯಾಹ್ನದ ಬಸ್ಸಿನಿಂದ ಅವ್ವ ಇಳಿದ್ಲು. ಕೈಯಾಗ ಬಟ್ಟಿ ಮುಚ್ಚಿದ ಚಂಬು!

ಮಿಸ್ತ್ರಿ ಓಡಿ ಹೋಗಿ ಬಾನೆಟ್ಟಿಗೆ ಅಡ್ಡ ಕೈ ಚಾಚಿ ನಿಂತ. "ಅವ್ವಾರೇ, ನಿಮ್ಮ ಕಾಲಿಗೆ ಬೀಳ್ತೀನಿ, ಅಲ್ಲೇ ನಿಲ್ರಿ!"

"ಸರಿಯೋ ಸಾಕು, ನಿನ್ನ ಇಂಜಿನ್ ಯಾರು ಕೇಳ್ಯಾರ" ಅಂದು ಅವ್ವ ಚಂಬನ್ನ ಟೈರಿನ ಮ್ಯಾಲೆ ಇಟ್ಲು. ಅಪ್ಪ ಗೊಟ್ಟ ತಂದು ಅಕಿ ಕೈಗೆ ಕೊಟ್ಟ. ಎಣ್ಣಿ ಡಬ್ಬೀನೂ ಮುಂದಿಟ್ಟ. "ನೀನ ಹಾಕು. ನಾ ಹಿಂದ ನಿಂದ್ರತೀನಿ." ಅವ್ವ ಎಣ್ಣಿ ಮೂಸಿ ನೋಡಿದ್ಲು. "ಇದನ್ನ ಹಾಕ್ತಿದ್ರೇನು ಇಷ್ಟು ವರ್ಷ?" ಎಷ್ಟು ದಿನದ ಮ್ಯಾಲೆ ನೇರ ಆಡಿದ ಮಾತು! "ಇದನ್ನ" ಅಂದ ಅಪ್ಪ. ಅವ್ವ ಗೊಟ್ಟ ಹಚ್ಚಿದ್ಲು, ನಾನು ಡಬ್ಬಿ ಹಿಡಿದೆ. ಒಂದು ಹನಿ ಚೆಲ್ಲದಂಗ ಹೊಯ್ದು, ಬಾಯಿ ಮುಚ್ಚಿ, ಇಂಜಿನ್ ಮ್ಯಾಲೆ ಒಂದು ಸಲ ಕೈಯಾಡಿಸಿದ್ಲು.

ಆಮ್ಯಾಲೆ ಚಂಬು ತಗೊಂಡ್ಲು. ಮಿಸ್ತ್ರಿ ಮತ್ತ ಗಾಬರಿ ಆದ. ಅವ್ವ ಅವನ ಕಡಿ ನೋಡ್ಲೇ ಇಲ್ಲ. ಅಪ್ಪನ ಮುಂದ ನಿಂತು, "ಕುಂದ್ರಿ" ಅಂದ್ಲು. ಅಪ್ಪ ಟೈರಿನ ಮ್ಯಾಲೆ ಕುಂತ. "ಗೊಟ್ಟಕ್ಕ ಎಣ್ಣಿ ಹತ್ತೈತಿ, ಚಂಬಿಲೇ ಹೊಯ್ತೀನಿ. ಬಾಯಿ ತಗೀರಿ." ಎತ್ತಿಗೆ ಹಿಡಿದಂಗ ಎಡಗೈಲೆ ಗದ್ದ ಎತ್ತಿ ಹಿಡಿದ್ಲು. ಕುಸುಬಿ ಎಣ್ಣಿ, ಅರಿಷಿಣ, ಹಸಿ ತತ್ತಿ, ಅಷ್ಟೂ! ಅಪ್ಪ ಗಟಗಟ ಕುಡಿದ. ಕಣ್ಣಾಗ ನೀರು ಬಂತು, ಕುಡಿಯೋದು ನಿಲ್ಲಿಸಲಿಲ್ಲ. ಖಾಲಿ ಚಂಬು ಬಗ್ಗಿಸಿ ನೋಡಿ ಅವ್ವ ಅಂದ್ಲು, "ಇದು ಈ ವರ್ಷದ್ದು. ಉಳಿದ ವರ್ಷದ್ದೆಲ್ಲಾ ಮನ್ಯಾಗ." ಅಪ್ಪನ ಬಿಳಿ ಮೀಸಿ ತುಂಬ ಅರಿಷಿಣ. ಅದನ್ನ ನೋಡಿ ಅವ್ವಗ ನಗಿ ತಡೀಲಿಕ್ಕಾಗಲಿಲ್ಲ. ಸೆರಗಿಲೇ ಮೀಸಿ ಒರೆಸಿಕೋತನೇ ನಕ್ಲು. ನಾನು ಅತ್ತೆ. ಯಾಕ ಸುಳ್ಳು ಹೇಳಲಿ.

ಗಾಡಿ ಮೊದಲ ಸಲ ಕೆಮ್ಮಿತು, ಎರಡನೇ ಸಲಕ್ಕ ಹೊಗಿ ಉಗುಳಿ ಎದ್ದಿತು. ಮಿಸ್ತ್ರಿ ಸಾವಕಾಶ ಓಡಿಸ್ರಿ ಅಂತ ಕೂಗಿ ಹೇಳಿದ. ನಾನು ಆಗ್ಲೇ ಮುಂದ ಹತ್ತಿ ಕುಂತಿದ್ದೆ. ಅವ್ವ ಬಾಗಿಲು ತೆಗೆದು, "ಏಳು, ಅದು ನನ್ನ ಜಾಗ" ಅಂದು ನಾ ನಡುವ ಸರಿದ್ರೂ ಬಿಡದ ನನ್ನನ್ನ ಎಬ್ಬಿಸಿ ಹಿಂದ ಕುರಿ ನಿಲ್ಲೋ ಕಡಿ ಕಳಿಸಿದ್ಲು. ಹೈವೇ ಬಿಟ್ಟು ನಮ್ಮೂರಿನ ದಾರಿ ಬಂದಾಗ ಹಿಂದಿನ ಕಿಟಕ್ಯಾಗ ಅಕಿ ಕೈ ಕಂಡಿತು.

"ಎಡಕ್ಕ ಹೊಳ್ಳಿಸ್ರಿ."

ಅಪ್ಪ ಹೂಂ ಅಂದು ಎಡಕ್ಕ ಹೊಳ್ಳಿಸಿದ.