ಇನ್ನೊಂದು ಲಂಗರು

ಸರಕು ಹಡಗಿನ ಇಂಜಿನ್ ಕೋಣೆಯಲ್ಲಿ ನಾವಿಬ್ಬರೂ ಇಪ್ಪತ್ತು ವರ್ಷ ಜೊತೆಗೆ ದುಡಿದವರು. ನಾನು ಬೀದರಿನ ಚಿದ್ರಿಯವನು, ಗೆಳೆಯ ಔರಾದಿನವನು. ನಿವೃತ್ತರಾದ ಮೇಲೆ ಕಾರವಾರದಲ್ಲಿ ಒಂದು ಹಳೆಯ ಹಾಯಿದೋಣಿ ಕೊಂಡೆವು. ಜನರಿಲ್ಲದ ಕೊಲ್ಲಿಗಳಲ್ಲಿ ಲಂಗರು ಹಾಕಿ, ಯಾರನ್ನೂ ಏನೂ ಕೇಳದೆ, ತಿಂಗಳುಗಟ್ಟಲೆ ಇರಬೇಕೆಂಬುದು ಅವನ ಆಸೆ. ನಾನೂ ಹೂಂ ಅಂದಿದ್ದೆ.

ದೋಣಿಗೆ ಬೇಕಾದ್ದನ್ನು ಹೊಂದಿಸುವ ಕೆಲಸ ನನ್ನದಾಯಿತು. ಭಾಲ್ಕಿಯ ವೆಲ್ಡರ್ ಒಬ್ಬರಿಂದ ನೀರಿನ ಸ್ಟೀಲ್ ಟ್ಯಾಂಕ್ ಮಾಡಿಸಿದೆ. ಮಳೆನೀರು ಹಿಡಿಯಲು ತಾಡಪತ್ರಿಗೆ ಕೊಳವೆ ಜೋಡಿಸಿ, ಮನೆಯ ಮಾಳಿಗೆಯ ಮೇಲೆ ಕಟ್ಟಿ ನೋಡಿದೆ. ಸೋಲಾರ್ ಪ್ಯಾನೆಲ್, ಬ್ಯಾಟರಿ ಬಂದವು. ಬೀದರಿನ ಗಾಂಧಿ ಗಂಜ್ ಮಾರುಕಟ್ಟೆಯಿಂದ ತೊಗರಿಬೇಳೆ ತಂದೆ, ಹೆಂಡತಿ ಖಡಕ್ ರೊಟ್ಟಿ ಬಡಿದು ಡಬ್ಬಿ ತುಂಬಿದಳು.

"ಎಲ್ಲಾ ಆಯ್ತಲ್ಲೋ ಯಾರ್. ದೀಪಾವಳಿ ಮುಗದ ಮ್ಯಾಲ ಹೋಗಮು," ಅಂದ ಗೆಳೆಯ.

"ಇನ್ನೊಂದು ಲಂಗರು ಬೇಕು. ಗಾಳಿ ತಿರುಗಿದ್ರ ಒಂದರ ಮ್ಯಾಲ ದೋಣಿ ನಿಲ್ಲಂಗಿಲ್ಲ," ಅಂದೆ.

ಮರುವರ್ಷ ಲಂಗರು ಬಂತು. ಆಗ ಸಮುದ್ರದ ನೀರನ್ನು ಸಿಹಿ ಮಾಡುವ ಯಂತ್ರ ಬೇಕೆಂದೆ. ಅದರ ಮರುವರ್ಷ, ಆ ಯಂತ್ರಕ್ಕೆ ಬ್ಯಾಟರಿ ಸಾಲದು ಅಂದೆ. ಹೇಳಿದ್ದು ಒಂದೂ ಸುಳ್ಳಲ್ಲ, ಹಾಗಾಗಿ ಅವನು ಎದುರಾಡಲಿಲ್ಲ. ಆದರೆ ನನಗಿದ್ದದ್ದು ಹೆದರಿಕೆ. ದೊಡ್ಡ ಹಡಗಿನ ಹೊಟ್ಟೆಯೊಳಗೆ ಆಯುಷ್ಯ ಕಳೆದವನು ನಾನು. ಕೈ ಚಾಚಿದರೆ ನೀರು ಸಿಗುವಂಥ ದೋಣಿಯಲ್ಲಿ, ಡಾಕ್ಟರಿಲ್ಲದ ಜಾಗಕ್ಕೆ ಹೋಗುವ ಧೈರ್ಯ ನನಗಿರಲಿಲ್ಲ. ಅದನ್ನು ಹೇಳಲು ನಾಚಿಕೆಯಾಗಿ ಸಾಮಾನಿನ ಪಟ್ಟಿ ಬೆಳೆಸಿದೆ.

ನಾಲ್ಕನೇ ವರ್ಷ ಸಕ್ಕರೆ ಕಾಯಿಲೆಯಿಂದ ಅವನ ಕಣ್ಣು ಹೋದವು.

ಔರಾದಿಗೆ ಹೋಗಿ, "ಎಲ್ಲಾ ತಯಾರದ, ನಡಿ ಹೋಗಮು," ಅಂದೆ.

ಅವನು, "ನೀ ಅಂಜಿದ್ದಿ ಅಂತ ನನಗ ಗೊತ್ತಿತ್ತು. ಬಾಯಿಬಿಟ್ಟು ಹೇಳಿದ್ರ ಊರು ಕಾಣೋ ಜಾಗದಾಗೇ ಇರ್ತಿದ್ದಿವಲ್ಲೋ," ಅಂದ.

ಆದರೂ ಬಂದ. ಕಾರವಾರಕ್ಕೆ ಸಮೀಪದ ಒಂದು ಕೊಲ್ಲಿಯಲ್ಲಿ ಮೂರು ದಿನ ಇದ್ದೆವು. ಸಮುದ್ರ ಶಾಂತವಾಗಿತ್ತು. ನಾನು ಹೆದರಿದಂಥದ್ದು ಏನೂ ಆಗಲಿಲ್ಲ.

"ದಂಡಿ ಮ್ಯಾಲ ಏನೇನದ, ಹೇಳು," ಅಂದ.

ಕರಿ ಬಂಡೆ, ಗೇರು ಮರ, ಒಂದು ಹದ್ದು ಅಂದೆ.

"ಮತ್ತ?"

ಅಷ್ಟೇ ಅಂದೆ. ಕಣ್ಣಿದ್ದಿದ್ದರೆ ಅವನು ಅದೇ ದಂಡೆಯನ್ನು ಇಡೀ ದಿನ ನೋಡುತ್ತಿದ್ದ.

ಮರಳಿದ ವಾರದಲ್ಲಿ ದೋಣಿ ಮಾರಿದೆವು. ಮಾರೋಣ ಅಂದವನು ಅವನೇ.