ಕೊಕ್ಕರೆಯ ರೆಕ್ಕೆ ಹೊಲಿಯಲು ಮ್ಯಾಂಚೆಸ್ಟರಿಗೆ

ಶನಿವಾರ ಬೆಳಿಗ್ಗೆ ಮಗಳು ಶೈಲಾ ನನ್ನನ್ನು ಸೆಲ್ಲಿ ಓಕ್ ಸ್ಟೇಷನ್ನಿಗೆ ಬಿಟ್ಟಳು. 2014ರ ಏಪ್ರಿಲ್. ಬಿಸಿಲಿದ್ದರೂ ಶಾಲು ಬೇಕೆನಿಸುವ ಗಾಳಿ. ಧಾರವಾಡದ ಶಾಲೆಯೊಂದರಲ್ಲಿ ಹೊಲಿಗೆ, ಕಸೂತಿ ಕಲಿಸಿ ನಿವೃತ್ತಳಾದ ನಾನು ಆರು ತಿಂಗಳಿಗೆಂದು ಅವಳ ಮನೆಗೆ ಬಂದಿದ್ದೆ. ಅವಳು ಆಸ್ಪತ್ರೆಯಲ್ಲಿ ಡಾಕ್ಟರು. ಅವಳ ವಾರ್ಡಿನ ನರ್ಸ್ ಮೇ ಎಂಬಾಕೆಯ ತಂದೆ ಮ್ಯಾಂಚೆಸ್ಟರಿನಲ್ಲಿ ಚೀನೀಯರ ದಾವೋ ಧರ್ಮದ ಪುರೋಹಿತರು. ಪೂಜೆಗೆ ತೊಡುವ ಅವರ ರೇಷ್ಮೆ ನಿಲುವಂಗಿಯ ಕಸೂತಿ ಬಿಚ್ಚಿಕೊಂಡಿತ್ತು. ಮರುದಿನವೇ ಅವರ ಶಿಷ್ಯ ಅದನ್ನು ಮೊದಲ ಸಲ ತೊಟ್ಟು ಪೂಜೆ ನಡೆಸಬೇಕಿತ್ತು. ನಾನು ಹೊಲಿದುಕೊಡುತ್ತೇನೆಂದು ಹೇಳಿ ಕಳಿಸಿದ್ದೆ.

“ದೇವರ ಬಟ್ಟಿ ಅದು, ಅವ್ವ. ಆಗಲಿಲ್ಲಾಂದ್ರ ಆಗಲಿಲ್ಲ ಅಂತ ಹೇಳಿಬಿಡು,” ಎಂದಳು ಶೈಲಾ.

ನ್ಯೂ ಸ್ಟ್ರೀಟ್ ಎಂಬ ದೊಡ್ಡ ಸ್ಟೇಷನ್ನಿನಲ್ಲಿ ರೈಲು ಬದಲಿಸಿದೆ. ಅಲ್ಲಿಂದ ಒಂದೂವರೆ ಗಂಟೆಯ ದಾರಿ. ಕಾಲುವೆಯಲ್ಲಿ ಉದ್ದನೆಯ ದೋಣಿಗಳು, ಹೊಲಗಳಲ್ಲಿ ಕುರಿಮರಿಗಳು. ಸ್ಟೋಕ್ ದಾಟಿದ ಮೇಲೆ ಶೇಂಗಾ ಚಟ್ನಿ ಸವರಿದ ಚಪಾತಿ ತಿಂದೆ. ಹಿಂದಿನ ದಿನವೇ ತವರಿಗೆ ಬಂದಿದ್ದ ಮೇ ಸ್ಟೇಷನ್ನಿನಲ್ಲಿ ಕಾಯುತ್ತಿದ್ದಳು. ಟ್ರಾಮ್ ಹಿಡಿದು ಅವರ ಮನೆ ತಲುಪಿದಾಗ ಹನ್ನೆರಡು.

ಊಟದ ಮೇಜಿಗೆ ಬಿಳಿ ಚಾದರ ಹಾಸಿ ನಿಲುವಂಗಿಯನ್ನು ಹರವಿದ್ದರು. ತೋಳುಗಳಿಲ್ಲದ ದೊಡ್ಡ ಚೌಕ. ಬೆನ್ನಿನ ಮೇಲೆ ಸೂರ್ಯ, ಚಂದ್ರ, ಮೋಡಗಳ ನಡುವೆ ಅರಮನೆ, ಸುತ್ತ ಹಾರುವ ಕೊಕ್ಕರೆಗಳು. ಒಂದು ಕೊಕ್ಕರೆಯ ರೆಕ್ಕೆಯಂಚಿನ ಜರಿ ಎದ್ದು ಜೋತಾಡುತ್ತಿತ್ತು. ಜರಿಯನ್ನು ಬಟ್ಟೆಯ ಮೇಲೆ ಮಲಗಿಸಿ ಸಣ್ಣ ರೇಷ್ಮೆ ಹೊಲಿಗೆಗಳಿಂದ ಹಿಡಿದಿದ್ದರು. ಆ ಹೊಲಿಗೆಗಳು ಸವೆದಿದ್ದವು.

ಮೇಯ ತಂದೆ ಎಂಬತ್ತು ದಾಟಿದವರು, ಹಾಂಕಾಂಗ್‌ನಿಂದ ಬಂದು ಇಲ್ಲಿ ಅಡುಗೆಯವರಾಗಿ ದುಡಿದವರು. ಅವರ ಮಾತನ್ನು ಮೇ ನನಗೆ ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು. ಗಂಟು ಎಲ್ಲಿ ಹಾಕುತ್ತೀರಿ ಎಂದು ಕೇಳಿದರು. ನಮ್ಮ ಕಸೂತಿಯಲ್ಲಿ ಗಂಟೇ ಹಾಕುವುದಿಲ್ಲ ಎಂದೆ. ಅವರಿಗೆ ನಂಬಿಕೆ ಬರಲಿಲ್ಲ. ಚೂರು ಬಟ್ಟೆಯ ಮೇಲೆ ನಾಲ್ಕು ಸಾಲು ಹೊಲಿದು ಕೊಟ್ಟೆ. ಅವರು ಅದನ್ನು ತಿರುಗಿಸಿ, ಹಿಂಬದಿಯನ್ನು ಹೆಬ್ಬೆರಳಿನಿಂದ ಸವರಿ ನೋಡಿ, ದೀಪವನ್ನು ನನ್ನತ್ತ ಸರಿಸಿದರು.

ಎರಡು ಗಂಟೆ ಎಲ್ಲವೂ ಸರಿಯಾಗಿ ನಡೆಯಿತು. ಆಮೇಲೆ ಸೂಜಿಯ ಬುಡದಲ್ಲೇ ಹಳೆಯ ರೇಷ್ಮೆ ಪರ್ರೆಂದು ಸೀಳಿತು, ಉಗುರಿನುದ್ದ. ಜರಿಯನ್ನು ಅದರ ಮೇಲೆ ಎಳೆದುಬಿಟ್ಟರೆ ಯಾರಿಗೂ ಕಾಣುತ್ತಿರಲಿಲ್ಲ. ಆದರೆ ಹಾಗೆ ಮಾಡಲು ಮನಸ್ಸು ಬರಲಿಲ್ಲ. ಮುದುಕರನ್ನು ಕರೆದು ತೋರಿಸಿದೆ.

ಅವರು ಬಗ್ಗಿ ಸೀಳನ್ನು ನೋಡಿದರು. ನಂತರ ನಿಲುವಂಗಿಯ ಕೆಳಮೂಲೆಯನ್ನು ಎತ್ತಿ ಒರಟು ತೇಪೆಯೊಂದನ್ನು ತೋರಿಸಿದರು.

“ಇದು ನಾನು ಸುಟ್ಟದ್ದು, ಊದಿನಕಡ್ಡಿ ತಗುಲಿಸಿ,” ಎಂದು ಮೇ ಅವರ ಮಾತು ಹೇಳಿದಳು. “ನನ್ನ ಗುರು ಮೂರು ದಿನ ನನ್ನ ಜೊತೆ ಮಾತಾಡಲಿಲ್ಲ. ಆಮೇಲೆ ಅವರೇ ದಾರ ತಂದುಕೊಟ್ಟರು.”

ಮೇಗೆ ಈ ಕಥೆ ಗೊತ್ತೇ ಇರಲಿಲ್ಲವಂತೆ. ಅವಳು ತಂದೆಯನ್ನೇ ನೋಡುತ್ತ ನಿಂತಳು.

ನನ್ನ ಚೀಲದಲ್ಲಿ ಇಳಕಲ್ ಸೆರಗಿನ ತುಂಡುಗಳಿದ್ದವು. ಮುದುಕರು ಕೆಂಪು ತುಂಡನ್ನು ಆರಿಸಿದರು. ಅದನ್ನು ಸೀಳಿನ ಒಳಗೆ ಆಸರೆಯಾಗಿಟ್ಟು ಹೊಲಿದು, ರೆಕ್ಕೆಯ ಜರಿಯನ್ನೂ ಮುಗಿಸಿದೆ. ಸಂಜೆ ಅವರೇ ಬೇಯಿಸಿದ ಅನ್ನ, ತೋಫು, ಹಸಿರು ಸೊಪ್ಪು ಊಟ ಮಾಡಿ ಮೇಯ ಕೋಣೆಯಲ್ಲಿ ಮಲಗಿದೆ.

ಭಾನುವಾರ ಬಾಡಿಗೆ ಸಭಾಂಗಣದಲ್ಲಿ ಪೂಜೆ. ಐವತ್ತು ಜನರಿರಬಹುದು. ಶಿಷ್ಯ ಲೀಡ್ಸ್‌ನಲ್ಲಿ ಬಸ್ ಓಡಿಸುವವ, ನಲವತ್ತರ ಆಸುಪಾಸು. ಆತ ಕೈಗಳನ್ನು ಅಗಲಿಸಿದಾಗ ನಿಲುವಂಗಿಯ ಇಡೀ ಬೆನ್ನು ತೆರೆದುಕೊಂಡಿತು. ಮೊದಲು ನಾನು ಆ ರೆಕ್ಕೆಯನ್ನೇ ನೋಡುತ್ತಿದ್ದೆ. ತಾಳ, ಧೂಪದ ಹೊಗೆ, ಮಂತ್ರದ ನಡುವೆ ಯಾವಾಗಲೋ ಅದು ಮರೆತೇಹೋಯಿತು. ಒಂದು ಕಡೆ ಶಿಷ್ಯನಿಗೆ ಮಂತ್ರ ತಪ್ಪಿತು, ಗುರುವಿನತ್ತ ತಿರುಗಿದ. ಸ್ವೆಟರ್ ತೊಟ್ಟು ಮುಂದಿನ ಸಾಲಿನಲ್ಲಿ ಕೂತಿದ್ದ ಮುದುಕರು ನೆಲ ನೋಡುತ್ತಿದ್ದರು. ಶಿಷ್ಯ ಉಸಿರೆಳೆದುಕೊಂಡು ತಾನೇ ಮುಂದುವರಿಸಿದ. ಆಗ ಮುದುಕರು ತಲೆಯೆತ್ತಿದರು.

ನನ್ನ ರೈಲು ಐದೂಕಾಲಿಗೆ. ಮೇ ಕಾರು ತರಲು ಹೋದಳು. ನಾನು ಬಾಗಿಲಲ್ಲಿ ನಿಂತು ಹಿಂತಿರುಗಿ ನೋಡಿದೆ. ಶಿಷ್ಯ ನಿಲುವಂಗಿಯನ್ನು ಮಡಿಸಿ ಕೊಟ್ಟಿದ್ದ. ಮುದುಕರು ಅದನ್ನು ಪೂರ್ತಿ ಬಿಡಿಸಿ, ಒಂದು ಅಂಚನ್ನು ಅವನ ಕೈಗಿತ್ತು, ಇನ್ನೊಂದನ್ನು ತಾವು ಹಿಡಿದು, ಮೊದಲ ಮಡಿಕೆಯಿಂದ ಮತ್ತೆ ಶುರುಮಾಡಿದರು.